ಅಪ್‌ಡೇಟ್: ಏಷ್ಯಾ ಅಧ್ಯಯನ ಸಮ್ಮೇಳನಕ್ಕೆ ದುಡ್ಡೂ ಸಿಕ್ಕಿತು, ಭಾಷಣಕಾರರೂ ಸಿಕ್ಕರು

ನಾವು ನಡೆಸುವ ಸಮ್ಮೇಳನಕ್ಕೆ ಮೊದಲು ದುಡ್ಡು ಹೊಂದಿಸಬೇಕಾ, ಭಾಷಣಕಾರರನ್ನು ಒಪ್ಪಿಸಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಎರಡೂ ಆಯಿತು! ನೀವು ಹೇಳಿದ ಹಾಗೆ ಮುಖ್ಯ ಭಾಷಣಕಾರರನ್ನೇ ಮೊದಲು ಒಪ್ಪಿಸಿದೆವು, ಅರ್ಜಿಗೆ ತೂಕ ಬಂತು. ಜಪಾನ್ ಫೌಂಡೇಶನ್, ಕೊರಿಯಾ ಫೌಂಡೇಶನ್ ತರಹದ ಅನುದಾನ ಕೊಡುವ ಸಂಸ್ಥೆಗಳು ತಮ್ಮ ದೇಶದ ಅಧ್ಯಯನಕ್ಕೇ ಹೆಚ್ಚು ಒತ್ತು ಕೊಡುತ್ತವೆ ಅಲ್ವಾ, ಹಾಗಾಗಿ ಇಡೀ ಸಮ್ಮೇಳನಕ್ಕೆ ಒಂದೇ ಕಡೆ ಕೇಳದೆ ಒಂದೊಂದು ಗೋಷ್ಠಿಗೂ ಬೇರೆ ಬೇರೆ ಅರ್ಜಿ ಹಾಕಿದೆವು. ಮಧ್ಯ ಏಷ್ಯಾದ ಗೋಷ್ಠಿಗೆ ಮಾತ್ರ ಪ್ರಾಯೋಜಕರು ಸಿಗಲಿಲ್ಲ. ಆದರೆ ಪುಸ್ತಕ ಪ್ರಕಾಶಕರು ಮಳಿಗೆಗೆ ಕೊಟ್ಟ ಬಾಡಿಗೆಗೆ ಯಾವ ಷರತ್ತೂ ಇಲ್ಲ. ಆ ಹಣದಲ್ಲೇ ಮಧ್ಯ ಏಷ್ಯಾದ ಯುವ ಸಂಶೋಧಕರ ಪ್ರಯಾಣದ ಖರ್ಚು ಹೊಂದಿಸಿದೆವು, ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ. ಯಾರು ಮಾತಾಡಬೇಕು, ಏನು ಮಾತಾಡಬೇಕು ಅನ್ನುವುದು ನಮ್ಮ ಸಮಿತಿಯ ತೀರ್ಮಾನ ಅಂತ ಎಲ್ಲ ಒಪ್ಪಂದದಲ್ಲೂ ಬರೆಸಿದ್ದೇವೆ.