ರೈಡ್ 5ಕ್ಕೆ ಇನ್ನೊಂದು ಡಿಸ್ಕ್ ಸೇರಿಸಲಾ, ಇಲ್ಲಾ ರೈಡ್ 10 ಮಾಡಲಾ? ಮೂರು ಕ್ಯಾಮೆರಾ ಎಡಿಟ್ ತುಂಬಾ ನಿಧಾನ

ದಾವಣಗೆರೆ ವಿಡಿಯೋ

ಎಲ್ಲರಿಗೂ ನಮಸ್ಕಾರ. ಮನೆಯ ಒಂದು ರೂಮಿನಲ್ಲೇ ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. 2019ರಲ್ಲಿ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಸಾಮಾನು ತಂದು ನಾನೇ ಜೋಡಿಸಿದ ಕಂಪ್ಯೂಟರ್. ಇಂಟೆಲ್ ಐ7 9ನೇ ಜನರೇಶನ್, 32 ಜಿಬಿ ರ‍್ಯಾಮ್, ವಿಂಡೋಸ್‌ಗೆ 500 ಜಿಬಿ ಸಾಟಾ ಎಸ್‌ಎಸ್‌ಡಿ. ಫೂಟೇಜ್ ಇಡೋಕೆ 4 ಟಿಬಿ ಹಾರ್ಡ್‌ಡಿಸ್ಕ್ ಮೂರು, 7200 ಆರ್‌ಪಿಎಂ, ಮದರ್‌ಬೋರ್ಡಿನ ಇಂಟೆಲ್ ರೈಡ್‌ನಲ್ಲೇ ರೈಡ್ 5 ಮಾಡಿದ್ದೇನೆ, ಅಂದರೆ ಮೂರೂ ಸೇರಿ ಒಂದೇ ದೊಡ್ಡ ಡಿಸ್ಕಿನ ಹಾಗೆ ಕಾಣುತ್ತವೆ, ಒಂದು ಕೆಟ್ಟರೂ ಡೇಟಾ ಉಳಿಯುತ್ತದೆ. ವಿಂಡೋಸ್ 7.27 ಟಿಬಿ ಅಂತ ತೋರಿಸುತ್ತದೆ, ಅದರಲ್ಲಿ 6.6 ತುಂಬಿದೆ.

ಎರಡು ಕ್ಯಾಮೆರಾ ಇದ್ದಾಗ ಹೇಗೋ ನಡೀತಿತ್ತು. ಹೋದ ವರ್ಷ ಮೂರನೆಯದು ತಗೊಂಡೆ, ಆಮೇಲೆ ಕಷ್ಟ ಶುರುವಾಯಿತು. ಮೊನ್ನೆ ಧಾರೆ ಭಾಗ ಕೂಡಿಸುತ್ತಿದ್ದೆ. ಗಟ್ಟಿಮೇಳ ಶುರುವಾಗುತ್ತದೆ, ಎಲ್ಲರ ಕೈಯಿಂದ ಅಕ್ಷತೆ ಮೇಲೆ ಹೋಗುತ್ತದೆ, ಅಲ್ಲಿಗೆ ಚಿತ್ರ ನಿಂತುಬಿಡುತ್ತದೆ. ನಾಗಸ್ವರ ಮಾತ್ರ ಕೇಳಿಸುತ್ತಾ ಇರುತ್ತದೆ. ನಾಲ್ಕೈದು ಸೆಕೆಂಡ್ ಆದಮೇಲೆ ಚಿತ್ರ ಜಿಗಿದುಕೊಂಡು ಬರುತ್ತದೆ, ಅಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತದೆ. ಎಲ್ಲಿ ಕಟ್ ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ಮೆಮೊರಿ ಕಾರ್ಡಿನಿಂದ ಕಾಪಿ ಮಾಡುವಾಗಲೂ ಅಷ್ಟೇ, ಮೊದಲು ಜೋರಾಗಿ ಹೋಗಿ ಆಮೇಲೆ ಸೆಕೆಂಡಿಗೆ 35-40 ಎಂಬಿಗೆ ಬಂದು ನಿಲ್ಲುತ್ತದೆ.

ನನಗೆ ಹೊಳೆದಿದ್ದು ಮೂರು ದಾರಿ. ಇನ್ನೊಂದು 4 ಟಿಬಿ ಹಾಕಿ ರೈಡ್ 5 ಅನ್ನೇ ದೊಡ್ಡದು ಮಾಡುವುದು. ಅಥವಾ ನಾಲ್ಕು ಡಿಸ್ಕಿನಲ್ಲಿ ರೈಡ್ 10, ಅಂದರೆ ಪ್ರತಿಯೊಂದನ್ನೂ ಎರಡು ಡಿಸ್ಕಿಗೆ ಬರೆದಿಡುವುದು. ಅಥವಾ ಇದೆಲ್ಲಾ ಬಿಟ್ಟು ಎರಡು ಎನ್‌ವಿಎಂಇ (ತುಂಬಾ ವೇಗದ ಎಸ್‌ಎಸ್‌ಡಿ) ತಂದು ರೈಡ್ 0, ಅಂದರೆ ಬರೀ ವೇಗಕ್ಕೆ ಎರಡನ್ನೂ ಕೂಡಿಸುವುದು. ದುಡ್ಡು ಜಾಸ್ತಿ ಇಲ್ಲ, ವೈಶಾಖದ ಮದುವೆಗಳು ಮುಂದೆಯೇ ಇವೆ. ಮಾಡಿ ನೋಡಿದವರು ಯಾರಾದರೂ ಹೇಳಿ.

ಮೈಸೂರು ಹಾರ್ಡ್‌ವೇರ್

ನಾಲ್ಕನೇ ಡಿಸ್ಕ್ ಹಾಕಿ ರೈಡ್ 5 ದೊಡ್ಡದು ಮಾಡಬೇಡಿ ಸರ್. ಜಾಗ ಸಿಗುತ್ತದೆ, ನೀವು ಹೇಳುತ್ತಿರುವ ತೊಂದರೆ ಹಾಗೇ ಉಳಿಯುತ್ತದೆ.

ಯಾಕೆ ಅಂದರೆ ರೈಡ್ 5ರಲ್ಲಿ ಬರೆಯೋದೇ ಕಷ್ಟದ ಕೆಲಸ. ಒಂದು ಡಿಸ್ಕಿನಲ್ಲಿ 7 ಇದೆ, ಇನ್ನೊಂದರಲ್ಲಿ 5 ಇದೆ, ಮೂರನೆಯದರಲ್ಲಿ ಅವೆರಡರ ಮೊತ್ತ 12 ಬರೆದಿಟ್ಟಿದ್ದೀರಿ ಅಂದುಕೊಳ್ಳಿ. ಇವುಗಳಲ್ಲಿ ಯಾವ ಒಂದು ಹೋದರೂ ಉಳಿದ ಎರಡರಿಂದ ಲೆಕ್ಕ ಹಾಕಿ ತೆಗೆಯಬಹುದು. ಆ 12 ಇದೆಯಲ್ಲ, ಅದೇ ಪ್ಯಾರಿಟಿ. ನಿಜವಾದ ಲೆಕ್ಕ ಕೂಡುವುದಲ್ಲ, ಆದರೆ ಉಪಾಯ ಅದೇ. ಈಗ 7 ಅನ್ನು 9 ಮಾಡಬೇಕು ಅಂದರೆ ಸುಮ್ನೆ ಬರೆದು ಬರೋಕೆ ಆಗಲ್ಲ. ಹಳೆಯ 7 ಓದಬೇಕು, ಹಳೆಯ 12 ಓದಬೇಕು, 9 ಬರೆಯಬೇಕು, ಆಮೇಲೆ 14 ಬರೆಯಬೇಕು. ಚಿಕ್ಕದೊಂದು ಬರಹಕ್ಕೆ ನಾಲ್ಕು ಕೆಲಸ. ರೈಡ್ 10ರಲ್ಲಿ ಎರಡೇ, ಎರಡು ಡಿಸ್ಕಿಗೂ ಒಂದೇ ಸಲ ಬರೆದರೆ ಮುಗಿಯಿತು.

ಇನ್ನು 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ತಿರುಗೋಕೆ 8.33 ಮಿಲಿಸೆಕೆಂಡ್, ಬೇಕಾದ ಜಾಗ ಹೆಡ್ ಕೆಳಗೆ ಬರಲು ಸರಾಸರಿ ಅದರ ಅರ್ಧ. ಅದಕ್ಕೂ ಮೊದಲು ಹೆಡ್ ಆ ಟ್ರ್ಯಾಕಿಗೆ ಹೋಗೋಕೆ 8-9 ಮಿಲಿಸೆಕೆಂಡ್. ಹಾಗಾಗಿ ಚದುರಿದ ಜಾಗಗಳಿಂದ ಓದು ಬರಹ ಅಂದರೆ ಒಂದು ಡಿಸ್ಕಿಗೆ ಸೆಕೆಂಡಿಗೆ 75-80 ಸಲ, ಅಷ್ಟೇ. ಅದರಲ್ಲಿ ಒಂದಕ್ಕೆ ನಾಲ್ಕು ಅಂತ ಹೋದರೆ ಉಳಿಯೋದು ಏನು?

ಮುಖ್ಯವಾದ ಲೆಕ್ಕ ಇಲ್ಲಿದೆ. ಮೂರು 4 ಟಿಬಿ ರೈಡ್ 5 ಅಂದರೆ 8 ಟಿಬಿ ಜಾಗ. ನಾಲ್ಕು 4 ಟಿಬಿ ರೈಡ್ 10 ಅಂದರೂ 8 ಟಿಬಿಯೇ. ಒಂದೇ ಒಂದು ಡಿಸ್ಕ್ ತಂದರೆ ಇದ್ದಷ್ಟೇ ಜಾಗದಲ್ಲಿ ರೈಡ್ 10 ಆಗುತ್ತದೆ. ಆದರೆ ಅರೇ (ರೈಡ್‌ನಲ್ಲಿ ಸೇರಿಸಿದ ಡಿಸ್ಕುಗಳ ಗುಂಪು) ಅಳಿಸಿ ಹೊಸದಾಗಿ ಮಾಡಬೇಕು. ಆ 6.6 ಟಿಬಿಯ ಕಾಪಿ ಹೊರಗೆ ಎಲ್ಲಾದರೂ ಇದೆಯಾ?

ಹುಬ್ಬಳ್ಳಿ ಎಡಿಟರ್

ಮೈಸೂರಿನವರು ಹೇಳಿದ್ದು ಸರಿ ಐತಿ, ಆದರೆ ಡಿಸ್ಕ್ ತರೋ ಮೊದಲು ನಿಧಾನ ಎಲ್ಲಿದೆ ಅಂತ ನೋಡ್ರಿ. ನಾನೂ ಇದೇ ಕೆಲಸ ಮಾಡುವವನು, ಹತ್ತು ವರ್ಷ ಆಯ್ತು.

4ಕೆ ಫೂಟೇಜ್ ಸಾಮಾನ್ಯವಾಗಿ 100 ಎಂಬಿಪಿಎಸ್. ಅದು ಬಿಟ್ ಲೆಕ್ಕ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೆಗಾಬೈಟ್. ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿದರೂ 37.5. ಒಂದು ಒಳ್ಳೆ ಹಾರ್ಡ್‌ಡಿಸ್ಕ್ ಒಂಟಿಯಾಗಿಯೇ 150 ಕೊಡುತ್ತದೆ. ಅಂದಮೇಲೆ ಮೂರು ಡಿಸ್ಕ್ ಸೇರಿ 37.5 ಕೊಡೋಕೆ ಆಗ್ತಿಲ್ಲ ಅಂದ್ರೆ ಅವು ಬೇರೆ ಏನೋ ಕೆಲಸದಲ್ಲಿ ಸಿಕ್ಕಿಕೊಂಡಿವೆ, ಅಲ್ವಾ?

ನನ್ನ ಪ್ರಕಾರ ಅದು ಮೀಡಿಯಾ ಕ್ಯಾಶ್. ಎಡಿಟಿಂಗ್ ಸಾಫ್ಟ್‌ವೇರ್ ಆಡಿಯೋ ಅಲೆ, ಪ್ರಿವ್ಯೂ, ಇಂಡೆಕ್ಸ್ ಅಂತ ಸಾವಿರಾರು ಚಿಕ್ಕ ಫೈಲ್ ಬರೀತಾ ಇರುತ್ತದೆ. ಅದು ಕೂಡ ರೈಡ್ ಮೇಲೇ ಇದ್ದರೆ ಒಂದು ಕಡೆ ಫೂಟೇಜ್ ಓದಬೇಕು, ನಡುವೆ ಹೆಡ್ ಎತ್ತಿಕೊಂಡು ಹೋಗಿ ಚಿಕ್ಕ ಚಿಕ್ಕದು ಬರೀಬೇಕು. ಟಾಸ್ಕ್ ಮ್ಯಾನೇಜರ್ ತೆಗೆದು ಆ ಡಿಸ್ಕ್ ನೋಡ್ರಿ. ಆಕ್ಟಿವ್ ಟೈಮ್ 100 ಇದ್ದು ವೇಗ ಮಾತ್ರ 20-30 ಎಂಬಿ ಇದ್ದರೆ ಇದೇ ರೋಗ. ಒಂದು ಎನ್‌ವಿಎಂಇ ತಂದು ಕ್ಯಾಶ್ ಮತ್ತು ಪ್ರಿವ್ಯೂ ಅದಕ್ಕೆ ಹಾಕಿ. ಒಂದೇ ಸಾಕು, ರೈಡ್ 0 ಏನೂ ಬೇಡ. ಪಿಸಿಐಇ 3ನೇ ಜನರೇಶನ್‌ನ ಒಳ್ಳೆಯ ಎನ್‌ವಿಎಂಇ ಒಂದೇ ಸೆಕೆಂಡಿಗೆ 3,500 ಎಂಬಿವರೆಗೆ ಓದುತ್ತದೆ, ನಿಮಗೆ ಬೇಕಿರೋದು 37.5.

ಆ ಮೂರನೇ ಕ್ಯಾಮೆರಾ 10 ಬಿಟ್ 4:2:2 ಎಚ್.265 (ಬಣ್ಣದ ವಿವರ ಹೆಚ್ಚಿರುವ, ಬಿಗಿಯಾಗಿ ಕುಗ್ಗಿಸಿದ ವಿಡಿಯೋ) ಬರೆಯುತ್ತದಾ? ಹೌದು ಅಂದ್ರೆ ಅದು ಡಿಸ್ಕಿನ ತಪ್ಪಲ್ಲ. 9ನೇ ಜನರೇಶನ್ ಇಂಟೆಲ್ ಗ್ರಾಫಿಕ್ಸ್‌ಗೆ ಆ ಫಾರ್ಮ್ಯಾಟ್ ಬಿಡಿಸೋಕೆ ಬರಲ್ಲ, ಡೆಸ್ಕ್‌ಟಾಪ್‌ನಲ್ಲಿ 11ರಿಂದ ಈಚೆಗೆ ಬರುತ್ತದೆ. ಎಲ್ಲಾ ಭಾರ ಪ್ರೊಸೆಸರ್ ಮೇಲೆ. ಆ ಕ್ಲಿಪ್‌ಗಳಿಗೆ ಪ್ರಾಕ್ಸಿ (ಎಡಿಟ್ ಮಾಡೋಕೆ ಹಗುರವಾದ ಕಾಪಿ) ಮಾಡಿಕೊಳ್ಳಿ, ರಾತ್ರಿ ಮಲಗೋ ಮುಂಚೆ ಹಚ್ಚಿ ಬಿಟ್ಟರೆ ಬೆಳಿಗ್ಗೆಗೆ ರೆಡಿ.

ಡೇಟಾಸೆಂಟರ್ ರಾತ್ರಿಪಾಳಿ

ಮೇಲಿನ ಇಬ್ಬರೂ ವೇಗದ ಬಗ್ಗೆ ಹೇಳಿದ್ದಾರೆ. ನಾನು ಡಿಸ್ಕಿನ ಆರೋಗ್ಯದ ಬಗ್ಗೆ ಕೇಳುತ್ತೇನೆ. 2019ರ ಡಿಸ್ಕ್, ಮೂರೂ ಒಂದೇ ದಿನ ಓಡೋಕೆ ಶುರು ಮಾಡಿದ್ದು. ಅರೇಯಲ್ಲಿ ಒಂದು ಡಿಸ್ಕ್ ಓದೋಕೆ ತಡಕಾಡಿದರೂ ಉಳಿದ ಎರಡು ಅದಕ್ಕೆ ಕಾಯುತ್ತಾ ನಿಲ್ಲುತ್ತವೆ. ಹೊರಗಿಂದ ನೋಡಿದರೆ ಎಲ್ಲಾ ನಿಧಾನ ಅಂತ ಕಾಣುತ್ತದೆ ಅಷ್ಟೇ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಮೂರೂ ಡಿಸ್ಕಿನ ಸ್ಮಾರ್ಟ್ ಪಟ್ಟಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. 05 ಅಂದರೆ ಕೆಟ್ಟುಹೋಗಿ ಬದಲಾಯಿಸಿದ ಸೆಕ್ಟರ್ (ಡಿಸ್ಕಿನ ಒಂದು ಚಿಕ್ಕ ಭಾಗ). ಸಿ5 ಅಂದರೆ ಓದೋಕೆ ಆಗದೆ ತೀರ್ಮಾನ ಬಾಕಿ ಇರುವ ಸೆಕ್ಟರ್. ಇವೆರಡೂ ಸೊನ್ನೆ ಇರಬೇಕು. ಸಿ7 ಏರುತ್ತಾ ಇದ್ದರೆ ಡಿಸ್ಕಲ್ಲ, ಬಹುಮಟ್ಟಿಗೆ ಸಾಟಾ ಕೇಬಲ್. ಅದನ್ನು ಬದಲಾಯಿಸಿದರೆ ಸಾಕು.

ನನ್ನ ಮನೆಯಲ್ಲೇ ಆದದ್ದು ಹೇಳುತ್ತೇನೆ. ಮೂರು ಡಿಸ್ಕಿನ ರೈಡ್ 5 ಇತ್ತು, ಒಂದು ಹೋಯಿತು. ಹೊಸದು ಹಾಕಿ ರೀಬಿಲ್ಡ್ (ಉಳಿದೆರಡರಿಂದ ಲೆಕ್ಕ ಹಾಕಿ ಹೊಸದನ್ನು ತುಂಬಿಸುವುದು) ಹಚ್ಚಿದೆ. 61 ಪರ್ಸೆಂಟಿಗೆ ಎರಡನೆಯದು ಓದೋಕೆ ಆಗದೆ ನಿಂತಿತು. ಅಪ್ಪನ ಷಷ್ಟಿಪೂರ್ತಿಯ ಫೋಟೋಗಳು ಅದರಲ್ಲಿದ್ದವು. ಬೇರೆ ಕಾಪಿ ಇರಲಿಲ್ಲ. ಕೆಲವು ಅಕ್ಕನ ಫೋನಿನಲ್ಲಿ ಸಿಕ್ಕವು, ಉಳಿದವು ಹೋದವು. ಆಫೀಸಿನಲ್ಲಿ ದಿನಾ ಇದೇ ಕೆಲಸ ಮಾಡುವ ನನಗೇ ಹೀಗಾಯಿತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ, ರೈಡ್ ಅಂದರೆ ಬ್ಯಾಕಪ್ ಅಲ್ಲ.

ರೀಬಿಲ್ಡ್ ಯಾಕೆ ಅಪಾಯ ಅಂದರೆ ಉಳಿದ ಎರಡು ಡಿಸ್ಕನ್ನೂ ಮೊದಲಿಂದ ಕೊನೆಯವರೆಗೆ ಓದಬೇಕು, ನಿಮ್ಮ ಲೆಕ್ಕದಲ್ಲಿ 8 ಟಿಬಿ. ಎಷ್ಟೋ ಡೆಸ್ಕ್‌ಟಾಪ್ ಡಿಸ್ಕುಗಳ ಕಂಪನಿ ಲೆಕ್ಕ ನೋಡಿದರೆ ಸುಮಾರು 12.5 ಟಿಬಿ ಓದುವಲ್ಲಿ ಒಂದು ಸಲ ಓದಲಾಗದ ಜಾಗ ಸಿಗಬಹುದು ಅಂತ ಇರುತ್ತದೆ. ಪ್ರತಿ ಸಲ ಸಿಗುತ್ತದೆ ಅಂತಲ್ಲ, ಆದರೆ ಅಂಥ ಹೊತ್ತಿನಲ್ಲಿ ಸಿಕ್ಕರೆ ಕಾಪಾಡೋಕೆ ಏನೂ ಉಳಿದಿರುವುದಿಲ್ಲ.

ಹೊಸ ಡಿಸ್ಕ್ ತಗೊಳ್ಳುವಾಗ ಸಿಎಂಆರ್ (ಟ್ರ್ಯಾಕುಗಳು ಒಂದರ ಮೇಲೊಂದು ಕೂರದ ಬಗೆ) ಅಂತ ಖಾತ್ರಿ ಮಾಡಿಕೊಳ್ಳಿ. ಎಸ್‌ಎಂಆರ್ ಡಿಸ್ಕಿನಲ್ಲಿ ಟ್ರ್ಯಾಕುಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸ್ವಲ್ಪ ಕೂತಿರುತ್ತವೆ, ಒಂದನ್ನು ತಿದ್ದಬೇಕಾದರೆ ಪಕ್ಕದ್ದನ್ನೂ ಎತ್ತಿ ಮತ್ತೆ ಹೊದಿಸಬೇಕು. ರೈಡ್‌ಗೆ ಅದು ಆಗಿಬರಲ್ಲ. 2020ರಲ್ಲಿ ಎನ್‌ಎಎಸ್‌ಗೆ (ನೆಟ್‌ವರ್ಕಿನಲ್ಲಿ ಹಂಚಿಕೊಳ್ಳುವ ಡಿಸ್ಕ್ ಪೆಟ್ಟಿಗೆ) ಅಂತಲೇ ಮಾರುತ್ತಿದ್ದ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಅಂತ ಗೊತ್ತಾಗಿ ದೊಡ್ಡ ಗಲಾಟೆಯೇ ಆಯಿತು. ಮಾಡೆಲ್ ನಂಬರ್ ಹಿಡಿದು ಕಂಪನಿಯ ಪಟ್ಟಿಯಲ್ಲಿ ನೋಡಿಯೇ ದುಡ್ಡು ಕೊಡಿ.

ದಾವಣಗೆರೆ ವಿಡಿಯೋ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಒಂದೊಂದೇ ನೋಡಿದೆ.

ಹುಬ್ಬಳ್ಳಿ ಅಣ್ಣ, ನೀವು ಹೇಳಿದ್ದು ಹಾಗೇ ಇದೆ. ಆಕ್ಟಿವ್ ಟೈಮ್ 100, ವೇಗ 22 ಎಂಬಿ. ಕ್ಯಾಶ್ ರೈಡ್ ಮೇಲೇ ಇತ್ತು, 2019ರಿಂದ ಅಳಿಸಿಯೇ ಇರಲಿಲ್ಲ, 310 ಜಿಬಿ ಆಗಿತ್ತು. ಮೂರನೇ ಕ್ಯಾಮೆರಾ 10 ಬಿಟ್ 4:2:2 ಹೌದು. ಎನ್‌ವಿಎಂಇ ಇನ್ನೂ ತಂದಿಲ್ಲ, ಸದ್ಯಕ್ಕೆ ಕ್ಯಾಶ್ ಅನ್ನು ವಿಂಡೋಸ್ ಎಸ್‌ಎಸ್‌ಡಿಗೆ ಹಾಕಿ ನೋಡಿದೆ. ಹಳೆಯ ಎರಡು ಕ್ಯಾಮೆರಾದ ಕ್ಲಿಪ್ ಈಗ ನಿಲ್ಲದೆ ಓಡುತ್ತಿವೆ. ಅದೇ ಧಾರೆ ಭಾಗ, ಅಕ್ಷತೆ ಮೇಲೆ ಹೋಗಿ ಕೆಳಗೆ ಬೀಳುವುದು ಪೂರ್ತಿ ಕಾಣಿಸಿತು. ಮೂರನೆಯದಕ್ಕೆ ಪ್ರಾಕ್ಸಿ ಹಚ್ಚಿದ್ದೇನೆ.

ಆದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಎರಡನೇ ಡಿಸ್ಕ್ ಹಳದಿ ತೋರಿಸುತ್ತಿದೆ. ಸಿ5 ಮುಂದೆ 24. ಉಳಿದೆರಡು ನೀಲಿ. ಬ್ಯಾಕಪ್ ಯಾವುದೂ ಇಲ್ಲ. ಇನ್ನೂ ಡೆಲಿವರಿ ಕೊಡದ ನಾಲ್ಕು ಮದುವೆ ಅದರಲ್ಲೇ ಇವೆ. ಈಗ ಆ ಡಿಸ್ಕ್ ತೆಗೆದು ಹೊಸದು ಹಾಕಿ ರೀಬಿಲ್ಡ್ ಮಾಡಲಾ?

ಡೇಟಾಸೆಂಟರ್ ರಾತ್ರಿಪಾಳಿ

ಬೇಡ! ಈಗ ಏನನ್ನೂ ಕಳಚಬೇಡಿ. ಮೂರೂ ಡಿಸ್ಕ್ ಓಡುತ್ತಿರುವಾಗ ಒಂದು ಕಡೆ ಓದೋಕೆ ಆಗದಿದ್ದರೆ ಪ್ಯಾರಿಟಿಯಿಂದ ತೆಗೆದುಕೊಡುತ್ತದೆ. ಒಂದನ್ನು ಕಿತ್ತರೆ ಆ ಆಧಾರ ಹೋಯಿತು.

ಮೊದಲು ಡೆಲಿವರಿ ಆಗದ ನಾಲ್ಕು ಮದುವೆ. ಅವನ್ನು ಇವತ್ತೇ, ಕೈಗೆ ಸಿಕ್ಕ ಯಾವುದಾದರೂ ಒಳ್ಳೆಯ ಡಿಸ್ಕಿಗೆ ಕಾಪಿ ಮಾಡಿ, ಸ್ನೇಹಿತರ ಹತ್ತಿರ ಇಸಕೊಂಡಾದರೂ ಸರಿ. ಆಮೇಲೆ 8 ಟಿಬಿ ಎಕ್ಸ್‌ಟರ್ನಲ್ ಒಂದು ತನ್ನಿ. ಅದೂ ವಿಂಡೋಸ್‌ನಲ್ಲಿ 7.27 ಅಂತಲೇ ಕಾಣುತ್ತದೆ, ನಿಮ್ಮ 6.6 ಹಿಡಿಸುತ್ತದೆ. ಅದು ಎಸ್‌ಎಂಆರ್ ಆಗಿದ್ದರೂ ಚಿಂತೆಯಿಲ್ಲ, ಒಂದೇ ಸಲ ಸಾಲಾಗಿ ಬರೆದಿಡುವ ಕೆಲಸಕ್ಕೆ ಆಗುತ್ತದೆ. ಸೆಕೆಂಡಿಗೆ 150 ಎಂಬಿ ಅಂತ ಹಿಡಿದರೂ ಹದಿಮೂರು ಗಂಟೆ ಮೇಲಾಗುತ್ತದೆ, ನಿಮ್ಮ ಅರೇ ಈಗಿರುವ ಸ್ಥಿತಿಯಲ್ಲಿ ಇನ್ನೂ ಜಾಸ್ತಿ. ಆ ಹೊತ್ತಿನಲ್ಲಿ ಅದರ ಮೇಲೆ ಎಡಿಟ್ ಮಾಡಬೇಡಿ. ಕಾಪಿ ಆದಮೇಲೆ ಫೈಲ್ ಎಣಿಕೆ, ಒಟ್ಟು ಸೈಜ್ ಎರಡೂ ಕಡೆ ತಾಳೆ ನೋಡಿ, ಪ್ರತಿ ಮದುವೆಯ ಎರಡು ಮೂರು ಕ್ಲಿಪ್ ತೆರೆದು ಓಡಿಸಿ ನೋಡಿ.

ಮೈಸೂರು ಹಾರ್ಡ್‌ವೇರ್

ಬ್ಯಾಕಪ್ ಆದಮೇಲೆ ರೀಬಿಲ್ಡ್ ಮಾಡುವ ಗೋಜೇ ಬೇಡ. ಹೇಗೂ ಒಂದು ಡಿಸ್ಕ್ ಬದಲಾಯಿಸಬೇಕು, ರೈಡ್ 10ಕ್ಕೆ ಇನ್ನೊಂದು ಬೇಕು. ಎರಡು ಹೊಸದು ತನ್ನಿ, ಹಳದಿ ಡಿಸ್ಕ್ ತೆಗೆದುಹಾಕಿ, ಅರೇ ಅಳಿಸಿ ನಾಲ್ಕರಲ್ಲಿ ರೈಡ್ 10 ಮಾಡಿ ವಾಪಸ್ ಕಾಪಿ ಮಾಡಿ. ವಾಪಸ್ ಕಾಪಿ ಆಗುವವರೆಗೆ ನಿಮ್ಮ ಹತ್ತಿರ ಇರೋದು ಆ ಎಕ್ಸ್‌ಟರ್ನಲ್ ಒಂದೇ, ಅದಕ್ಕೇ ಆ ನಾಲ್ಕು ಮದುವೆ ಬೇರೆ ಡಿಸ್ಕಿನಲ್ಲೂ ಇರಲಿ.

ಎನ್‌ವಿಎಂಇ ಹಾಕುವ ಮುಂಚೆ ಮದರ್‌ಬೋರ್ಡಿನ ಪುಸ್ತಕ ತೆಗೆದು ನೋಡಿ. ಎಷ್ಟೋ ಬೋರ್ಡಿನಲ್ಲಿ ಎಂ.2 ಸ್ಲಾಟ್ (ಎನ್‌ವಿಎಂಇ ಕೂರಿಸುವ ಜಾಗ) ತುಂಬಿದರೆ ಒಂದು ಅಥವಾ ಎರಡು ಸಾಟಾ ಪೋರ್ಟ್ ಸತ್ತುಹೋಗುತ್ತದೆ. ರೈಡ್ ಡಿಸ್ಕ್ ಆ ಪೋರ್ಟಿನಲ್ಲಿದ್ದರೆ ಅರೇ ಒಡೆದ ಹಾಗೆ ತೋರಿಸುತ್ತದೆ. ನಮ್ಮ ಅಂಗಡಿಗೆ ಹೀಗೆ ಗಾಬರಿಯಾಗಿ ಬಂದವರು ಇದ್ದಾರೆ, ಕೇಬಲ್ ಬೇರೆ ಪೋರ್ಟಿಗೆ ಹಾಕಿದ ಮೇಲೆ ಸರಿಹೋಯಿತು.

ಯುಪಿಎಸ್ ಇದೆಯಾ? ಇದ್ದರೆ ಇಂಟೆಲ್ ರೈಡ್ ಆಪ್‌ನಲ್ಲಿ ರೈಟ್-ಬ್ಯಾಕ್ ಕ್ಯಾಶ್ ಆನ್ ಮಾಡಿ, ಕಾರ್ಡಿನಿಂದ ಕಾಪಿ ಆಗುವ ವೇಗ ಏರುತ್ತದೆ. ಇಲ್ಲದಿದ್ದರೆ ಮುಟ್ಟಬೇಡಿ. ಬರೆಯಬೇಕಾದ್ದು ಸ್ವಲ್ಪ ಹೊತ್ತು ರ‍್ಯಾಮ್‌ನಲ್ಲೇ ಕೂತಿರುತ್ತದೆ, ಅಷ್ಟರಲ್ಲಿ ಕರೆಂಟ್ ಹೋದರೆ ಅದೂ ಹೋಯಿತು.

ಹುಬ್ಬಳ್ಳಿ ಎಡಿಟರ್

ಇನ್ನೊಂದು ಮಾತು. ರೈಡ್ 10 ಆದಮೇಲೆ ಅದನ್ನು ಮತ್ತೆ 90 ಪರ್ಸೆಂಟ್ ತುಂಬಿಸಬೇಡ್ರಿ. ಡಿಸ್ಕಿನ ಹೊರಸುತ್ತಿನಲ್ಲಿ ಸಿಗುವ ವೇಗದ ಅರ್ಧದಷ್ಟೇ ಒಳಸುತ್ತಿನಲ್ಲಿ ಸಿಗೋದು. ಡೆಲಿವರಿ ಆದ ಮದುವೆಗಳನ್ನು ಎರಡು ಎಕ್ಸ್‌ಟರ್ನಲ್‌ಗೆ ಹಾಕಿ, ಒಂದು ನಿಮ್ಮಲ್ಲಿ, ಒಂದು ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಟ್ಟು ಅರೇ ಖಾಲಿ ಮಾಡಿಕೊಳ್ಳಿ. ಎಕ್ಸ್‌ಪೋರ್ಟ್ ವೇಗ ಇದರಿಂದ ಬದಲಾಗುತ್ತೆ ಅಂತ ಕಾಯಬೇಡಿ, ಅದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಕೆಲಸ.

ಮತ್ತೆ ಸೀಸನ್ ನಡುವೆ ಅರೇ ಅಳಿಸಬೇಡಿ. ಬ್ಯಾಕಪ್ ಇವತ್ತು, ಎನ್‌ವಿಎಂಇ ಈ ವಾರ, ಹೊಸ ಫೂಟೇಜ್ ಬಂದ ಹಾಗೆಲ್ಲಾ ಎಕ್ಸ್‌ಟರ್ನಲ್‌ಗೂ ಒಂದು ಕಾಪಿ. ರೈಡ್ 10 ಆಷಾಢಕ್ಕೆ ಇಟ್ಟುಕೊಳ್ಳಿ, ಆಗ ಮದುವೆ ಇರಲ್ಲ, ಎರಡು ದಿನ ಕಂಪ್ಯೂಟರ್ ಬಿಚ್ಚಿ ಕೂತರೂ ಯಾರೂ ಫೋನ್ ಮಾಡಲ್ಲ.

ಡೇಟಾಸೆಂಟರ್ ರಾತ್ರಿಪಾಳಿ

ಆಷಾಢದವರೆಗೆ ಕಾಯಬಹುದು, ಆದರೆ ವಾರಕ್ಕೊಂದು ಸಲ ಸಿ5 ನೋಡಿ. 24 ಇದ್ದದ್ದು ಏರುತ್ತಾ ಹೋದರೆ ಕಾಯಬೇಡಿ, ಮದುವೆ ಇದ್ದರೂ ಸರಿ.

ದಾವಣಗೆರೆ ವಿಡಿಯೋ

ನಾಲ್ಕೂ ಮದುವೆ ತಮ್ಮನ 2 ಟಿಬಿ ಡಿಸ್ಕಿಗೆ ಹೋಯಿತು. ಪ್ರತಿಯೊಂದರ ಧಾರೆ ಭಾಗ ತೆರೆದು ಓಡಿಸಿ ನೋಡಿದೆ, ಎಲ್ಲಾ ಸರಿ ಇದೆ. 8 ಟಿಬಿ ನಾಳೆ ಬರುತ್ತದೆ. ಬೋರ್ಡಿನ ಪುಸ್ತಕವೂ ಸಿಕ್ಕಿತು, ಮೈಸೂರಿನವರು ಹೇಳಿದ ಹಾಗೇ ಎಂ.2 ಹಾಕಿದರೆ ಒಂದನೇ ಸಾಟಾ ಪೋರ್ಟ್ ನಿಲ್ಲುತ್ತದೆ ಅಂತ ಬರೆದಿದೆ, ನನ್ನ ಒಂದು ರೈಡ್ ಡಿಸ್ಕ್ ಅದರಲ್ಲೇ ಇದೆ. ಬೋರ್ಡಿನಲ್ಲಿ ಎರಡು ಪೋರ್ಟ್ ಖಾಲಿ ಇವೆ, ಕಾಪಿ ಮುಗಿದ ಮೇಲೆ ಒಂದಕ್ಕೆ ಆ ಕೇಬಲ್ ಬದಲಾಯಿಸಿ ಆಮೇಲೆ ಎನ್‌ವಿಎಂಇ ಹಾಕುತ್ತೇನೆ. ಸಿ5 ಇವತ್ತೂ 24 ಇದೆ.