ಪದಚರ್ಚೆ: ‘ಮೆಂಟರ್’ಗೆ ‘ಮಾರ್ಗದರ್ಶಕ’ ಸಾಲದು, ಮತ್ತೇನು?

ಬಲ್ಲವರಲ್ಲಿ ಒಂದು ಕೇಳಿಕೆ.

ವೈದ್ಯಕೀಯ ಸಂಶೋಧನೆಗೆ ಈಗಷ್ಟೇ ಕಾಲಿಟ್ಟವರಿಗಾಗಿ ನಮ್ಮ ಬೆಳಗಾವಿಯಲ್ಲಿ ನಡೆಯುವ ಮೆಂಟರ್‌ಶಿಪ್ ಕಾರ್ಯಕ್ರಮವೊಂದರಿಂದ ಅವರಿಗೆ ಏನು ದಕ್ಕಿತು ಎಂದು ತಿಳಿಯಲು ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೆಂಟರ್ ಎಂದರೆ ಕಿರಿಯರ ಮುಂದಿನ ದಾರಿಯನ್ನೂ ಗಮನಿಸಿ ಅವರನ್ನು ಬೆಳೆಸುವ ಹಿರಿಯರು. ಆ ಪದ ಬಂದಲ್ಲೆಲ್ಲ ‘ಮಾರ್ಗದರ್ಶಕರು’ ಎಂದು ಬರೆದೆ. ಮೊದಲ ದಿನವೇ ಎಡವಿದೆ. ‘ನಿಮ್ಮ ಮುಂದಿನ ದಾರಿಯ ಬಗ್ಗೆ ಮಾರ್ಗದರ್ಶಕರು ಮಾತಾಡುತ್ತಾರೆಯೇ?’ ಎಂದು ಕೇಳಿದ್ದಕ್ಕೆ ಪಿಎಚ್‌ಡಿ ಮಾಡುತ್ತಿರುವ ಹುಡುಗಿ, ‘ಹೌದ್ರಿ, ಮುಂದಿನ ಚಾಪ್ಟರ್ ಯಾವಾಗ ಕೊಡ್ತಿ ಅಂತ ದಿನಾ ಕೇಳ್ತಾರ್ರಿ’ ಅಂದಳು. ತಪ್ಪು ಅವಳದಲ್ಲ. ಕಾಲೇಜಿನಲ್ಲಿ ಮಾರ್ಗದರ್ಶಕ ಎಂದರೆ ಗೈಡ್, ಪ್ರಬಂಧಕ್ಕೆ ಸಹಿ ಹಾಕುವವರು. ನಾನು ಕೇಳಬೇಕಿದ್ದದ್ದು ಪ್ರಬಂಧ ಮುಗಿದ ಮೇಲೂ ಅವಳ ಬಗ್ಗೆ ಯೋಚಿಸುವವರನ್ನು. ಪದ ತಪ್ಪಿದ್ದರಿಂದ ನಾನು ಅಳೆದದ್ದು ಬೇರೆಯದನ್ನೇ.

‘ಗುರು’ ಎಂದರೆ ಕಾಲಿಗೆ ಬೀಳುವ ಭಾವ ಬರುತ್ತದೆ. ಗುರುವಿನ ಕೊರತೆಯನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ?

ನನಗೆ ಮನಸ್ಸಿಗೆ ಹತ್ತಿರವಾದದ್ದು ನಮ್ಮ ಗರಡಿಮನೆಯ ‘ವಸ್ತಾದ’. ಉಸ್ತಾದ್‌ನಿಂದ ಬಂದ ಪದ. ವಸ್ತಾದ ಪಟ್ಟು ಕಲಿಸಿ ಸುಮ್ಮನಾಗುವುದಿಲ್ಲ. ಹುಡುಗ ಏನು ಉಂಡ, ಎಷ್ಟು ನಿದ್ದೆ ಮಾಡಿದ ಎಂದು ವಿಚಾರಿಸುತ್ತಾನೆ. ಯಾವ ಜಾತ್ರೆಯ ಕಣಕ್ಕೆ ಇಳಿಸಬೇಕು, ಯಾರ ಜೋಡಿ ಹಚ್ಚಬೇಕು, ಯಾವುದನ್ನು ಈ ವರ್ಷ ಬಿಡಬೇಕು ಎಂದು ಲೆಕ್ಕ ಹಾಕುತ್ತಾನೆ. ಇಂಗ್ಲಿಷಿನವರು ಕರಿಯರ್ ಡೆವಲಪ್‌ಮೆಂಟ್ ಅನ್ನುವುದು ಇದನ್ನೇ ಅಲ್ಲವೇ? ಆದರೆ ಪದಕ್ಕೆ ಗಂಡಸಿನ ವಾಸನೆ ಗಟ್ಟಿಯಾಗಿದೆ, ನಾನು ಮಾತಾಡಿಸಿದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

‘ಮೌಲ್ಯಮಾಪನ’ವೂ ತೊಡಕೇ. ಕೇಳಿದ ಕೂಡಲೇ ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆ ನೆನಪಾಗುತ್ತದೆ. ‘ಮೆಂಟರ್‌ಗಳ ಮೌಲ್ಯಮಾಪನ’ ಎಂದು ಮೇಲೆ ಬರೆದ ಹಾಳೆ ಕೈಗಿಟ್ಟಾಗ ಒಬ್ಬ ಹುಡುಗ, ‘ಸರ್‌ಗೆ ನಾ ಮಾರ್ಕ್ಸ್ ಹಾಕಬೇಕೇನ್ರಿ?’ ಎಂದು ಪೆನ್ನು ಕೆಳಗಿಟ್ಟ. ‘ಪರಾಮರ್ಶೆ’ ಎಂದು ಬದಲಿಸಿದ ಮೇಲೆ ಬರೆದ.

ಅಮೆರಿಕದಲ್ಲಿ ಬಳಸುವ, 2013ರಲ್ಲಿ ಪ್ರಕಟವಾದ ಮೆಂಟರಿಂಗ್ ಸಾಮರ್ಥ್ಯದ ಅಳತೆಪಟ್ಟಿಯಲ್ಲಿ 26 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಅದರ ಒಂದು ವಿಭಾಗ ಕಿರಿಯರನ್ನು ಸ್ವತಂತ್ರರಾಗಿಸುವುದರ ಬಗ್ಗೆ. ಅದನ್ನು ಕನ್ನಡದಲ್ಲಿ ಹೇಳಲು ‘ಕೈ ಬಿಟ್ಟು ನಡೆಸುತ್ತಾರೆ’ ಎಂದು ಬರೆದು ಹೊಡೆದು ಹಾಕಿದೆ, ‘ಕೈಬಿಟ್ಟರು’ ಎಂದು ಓದಿಕೊಂಡರೆ ಕೆಟ್ಟಿತು. ‘ನನ್ನ ಕಾಲ ಮೇಲೆ ನಾನು ನಿಲ್ಲುವಂತೆ ಮಾಡುತ್ತಾರೆ’ ಎಂದ ಮೇಲೆ ಸರಿ ಕಂಡಿತು.

ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು 1,620 ಮಹಿಳೆಯರೊಂದಿಗೆ ನಡೆದ ಮಿಸೊಪ್ರೊಸ್ಟಾಲ್ ಮಾತ್ರೆಯ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬಾಣಂತಿ, ಮಾಸು, ನೆತ್ತರು ಹೋಗುವುದು: ಅಂಥ ಕೆಲಸಕ್ಕೆ ಬೇಕಾದ ಮಾತು ಕನ್ನಡದಲ್ಲಿ ತುಂಬಿ ತುಳುಕುತ್ತದೆ. ಅಂಥ ಕೆಲಸ ಮಾಡುವವರನ್ನು ಬೆಳೆಸುವುದಕ್ಕೆ ಮಾತ್ರ ತಡಕಾಡುತ್ತಿದ್ದೇನೆ.

ಸದ್ಯಕ್ಕೆ ನಾಮಪದ ಬಿಟ್ಟು, ‘ನಿಮ್ಮ ಬೆಳವಣಿಗೆಗೆ ಒತ್ತಾಸೆಯಾಗಿ ನಿಂತವರು ಯಾರು?’ ಎಂದು ಕೇಳುತ್ತಿದ್ದೇನೆ. ಉತ್ತರಗಳು ಬೇರೆಯೇ ಬರುತ್ತಿವೆ. ಒಬ್ಬಳು ಗೈಡ್ ಹೆಸರು ಬಿಟ್ಟು ಪ್ರಯೋಗಾಲಯದ ಹಿರಿಯ ಟೆಕ್ನಿಷಿಯನ್ ಹೆಸರು ಹೇಳಿದಳು.

ಆದರೂ ಒಂದು ಪದ ಬೇಕು, ಮೆಂಟೀಗೂ, ಅಂದರೆ ಮೆಂಟರ್ ಬೆಳೆಸುವ ಕಿರಿಯರಿಗೂ, ಬೇಕು, ‘ಶಿಷ್ಯ’ ಒಲ್ಲೆ. ಇಳಕಲ್ಲ, ಗುಳೇದಗುಡ್ಡದ ಕಡೆಯವರಿಗೆ ವಿಶೇಷವಾಗಿ ಕೇಳುತ್ತೇನೆ: ಹೊಸದಾಗಿ ಮಗ್ಗಕ್ಕೆ ಕೂತವಳ ಪಕ್ಕ ಕೂತು, ಎಳೆ ಹರಿದಾಗ ತಾನು ಕೈ ಹಾಕದೆ ಅವಳಿಂದಲೇ ಹುರಿ ಹಾಕಿಸುವ ಹಿರಿಯಳನ್ನು ನಿಮ್ಮಲ್ಲಿ ಏನೆಂದು ಕರೆಯುತ್ತಾರೆ?