ಊಟದ ನಂತರ ತೆಗೆದ ಇಸಿಜಿಯಲ್ಲಿ ಟಿ ಅಲೆ ಚಪ್ಪಟೆಯಾಗುವುದೇಕೆ?

ಪ್ರಶ್ನೆ:
ಒಂದೇ ವಾರದಲ್ಲಿ ನನಗೆ ಎರಡು ಬಾರಿ ಇಸಿಜಿ ತೆಗೆದರು. ಹೊಟ್ಟೆ ತುಂಬ ಉಂಡು ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ತೆಗೆದ ಮೊದಲನೆಯದರಲ್ಲಿ ಕೆಲವು ಲೀಡುಗಳ (ಹೃದಯವನ್ನು ಬೇರೆ ಬೇರೆ ಕೋನದಿಂದ ದಾಖಲಿಸುವ ಗೆರೆಗಳ) ಟಿ ಅಲೆ ಚಪ್ಪಟೆಯಾಗಿತ್ತು. ಖಾಲಿ ಹೊಟ್ಟೆಯಲ್ಲಿ ತೆಗೆದ ಎರಡನೆಯದು ಸಹಜವಾಗಿತ್ತು. ಎರಡನ್ನೂ ನೋಡಿದ ವೈದ್ಯರು ಚಿಂತೆ ಬೇಡವೆಂದರು. ಕಾರಣ ಕೇಳಲು ಆಗ ನನಗೆ ತೋಚಲಿಲ್ಲ. ಹೊಟ್ಟೆಗೆ ಹೋದ ಆಹಾರ ಎದೆಯ ಗೆರೆಯನ್ನು ಬದಲಿಸುವುದು ಹೇಗೆ?

ಉತ್ತರ 1:
ಹೃದಯದ ಕೆಳಕೋಣೆಗಳಾದ ಹೃತ್ಕುಕ್ಷಿಗಳು ಸಂಕುಚಿಸಿದ ಬಳಿಕ ಅವುಗಳ ಜೀವಕೋಶಗಳು ವಿದ್ಯುತ್ತಿನ ದೃಷ್ಟಿಯಿಂದ ಮೊದಲಿನ ಸ್ಥಿತಿಗೆ ಮರಳುವುದನ್ನೇ ಟಿ ಅಲೆ ತೋರಿಸುತ್ತದೆ, ಮತ್ತು ಈ ಮರಳುವಿಕೆ ಬಹುಮಟ್ಟಿಗೆ ಪೊಟ್ಯಾಸಿಯಂ ಕೋಶದಿಂದ ಹೊರಹರಿಯುವುದನ್ನು ಅವಲಂಬಿಸಿದೆ. ಪಿಷ್ಟ ಅಥವಾ ಸಕ್ಕರೆ ಹೆಚ್ಚಿರುವ ಊಟವಾದರೆ ಇನ್ಸುಲಿನ್ ಏರುತ್ತದೆ; ಅದು ಗ್ಲೂಕೋಸಿನ ಜೊತೆಗೆ ಪೊಟ್ಯಾಸಿಯಂ ಅನ್ನೂ ಕೋಶಗಳೊಳಗೆ ಸೇರಿಸುವುದರಿಂದ ರಕ್ತದಲ್ಲಿ ಅದರ ಮಟ್ಟ ತುಸು ತಗ್ಗುತ್ತದೆ. ಪೊಟ್ಯಾಸಿಯಂ ತಗ್ಗಿದಾಗ ಟಿ ಅಲೆ ಕುಗ್ಗುವುದು ಹಳೆಯ ಪಾಠ. ಆರೋಗ್ಯವಂತರಲ್ಲೂ ಹೀಗಾಗಬಹುದಾದ್ದರಿಂದ ಸಂಶಯವಿದ್ದಾಗ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ಇಸಿಜಿ ತೆಗೆಯುವುದುಂಟು.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಎಲ್ಲವನ್ನೂ ಇನ್ಸುಲಿನ್ನಿನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಉಂಡ ಮೇಲೆ ಜೀರ್ಣಾಂಗಗಳಿಗೆ ರಕ್ತ ಹೆಚ್ಚಾಗಿ ಹರಿಯಬೇಕಾಗುತ್ತದೆ. ಅದನ್ನು ಸರಿದೂಗಿಸಲು ಹೃದಯವನ್ನು ವೇಗಗೊಳಿಸುವ ಸಿಂಪಥೆಟಿಕ್ ನರಗಳು ಚುರುಕಾಗಿ ಎದೆಬಡಿತ ಏರುತ್ತದೆ. ಬಡಿತ ಏರಿದರೆ ಕ್ಯೂಟಿ ಅವಧಿ (ಹೃತ್ಕುಕ್ಷಿಗಳ ವಿದ್ಯುತ್ ಚಟುವಟಿಕೆ ಶುರುವಾದಾಗಿನಿಂದ ಟಿ ಅಲೆ ಮುಗಿಯುವವರೆಗಿನ ಹೊತ್ತು) ತಾನಾಗಿ ಕಿರಿದಾಗುತ್ತದೆ. ಅದನ್ನು ಬಡಿತಕ್ಕೆ ಹೊಂದಿಸಿ ಲೆಕ್ಕ ಹಾಕಿದ ಮೇಲೂ ಊಟದ ಬಳಿಕ ಸ್ವಲ್ಪ ಇಳಿಕೆ ಉಳಿಯುತ್ತದೆ. ಹೊಸ ಔಷಧಿಯೊಂದು ಕ್ಯೂಟಿಯನ್ನು ಹಿಗ್ಗಿಸುತ್ತದೆಯೇ ಎಂದು ಪರೀಕ್ಷಿಸುವವರು ಊಟದ ಹೊತ್ತನ್ನು ಕಟ್ಟುನಿಟ್ಟಾಗಿ ಪಾಲಿಸುವುದು ಈ ಕಾರಣಕ್ಕೇ. ಇಲ್ಲದಿದ್ದರೆ ಔಷಧಿಯ ಪರಿಣಾಮವನ್ನು ಊಟ ಮರೆಮಾಚಬಹುದು.

ಉತ್ತರ 3:
ಬ್ರುಗಾಡ ಸಿಂಡ್ರೋಮ್ (ಹೃದಯದ ಲಯ ಅಪಾಯಕಾರಿಯಾಗಿ ತಪ್ಪಬಹುದಾದ ಒಂದು ವಿದ್ಯುತ್ ದೋಷ) ಇರುವ ಕೆಲವರ ವಿಷಯ ಬೇರೆ. ಅವರು ಹೊಟ್ಟೆ ಬಿರಿಯುವಷ್ಟು ಉಂಡಾಗ ಹೃದಯದ ಬಡಿತವನ್ನು ನಿಧಾನಗೊಳಿಸುವ ವೇಗಸ್ ನರ ಪ್ರಚೋದನೆಗೊಂಡು, ಅದುವರೆಗೆ ಅಡಗಿದ್ದ ಎಸ್‌ಟಿ ಭಾಗದ (ಟಿ ಅಲೆಗೆ ಸ್ವಲ್ಪ ಮುಂಚಿನ ಗೆರೆಯ) ವಿಶಿಷ್ಟ ಏರಿಕೆ ಇಸಿಜಿಯಲ್ಲಿ ಹೊರಬೀಳುವುದುಂಟು. ಇದು ಅಪರೂಪ, ಪ್ರಶ್ನೆ ಕೇಳಿದವರ ವರದಿಯನ್ನು ಇದಕ್ಕೆ ತಳುಕು ಹಾಕಬೇಕಿಲ್ಲ. ಆದರೆ ಉಂಡ ಬಳಿಕ ಎದೆನೋವು ಬಂದರೆ ಅಥವಾ ತಲೆಸುತ್ತಿ ಪ್ರಜ್ಞೆ ತಪ್ಪಿದರೆ, "ಊಟದಿಂದ ಹಾಗಾಗಿದೆ" ಎಂದು ಸುಮ್ಮನಿರಬಾರದು. ಕಿರಿದಾದ ಹೃದಯ ಧಮನಿಗಳಿರುವವರಿಗೆ ಊಟದ ನಂತರದ ಹೆಚ್ಚುವರಿ ಕೆಲಸವೇ ಎದೆನೋವು ತರಬಲ್ಲದು.

ಪ್ರಶ್ನೆ ಕೇಳಿದವರು:
ನನಗೆ ಎದೆನೋವಾಗಲಿ ತಲೆಸುತ್ತಾಗಲಿ ಇರಲಿಲ್ಲ. ಮೊದಲ ಸಲ ಉಂಡು ಬಂದಿದ್ದೀರಾ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದಿನ ಬಾರಿ ಊಟದ ಹೊತ್ತನ್ನು ವರದಿಯ ಮೇಲೆಯೇ ಬರೆಸುತ್ತೇನೆ.